ಟೊಮೆಟೊ ಬಾಕ್ಸ್ ಯಾವ ಮಂಡಿಗೆ? ಸಾಗಣೆ ಲೆಕ್ಕವನ್ನು ಕೈಯಲ್ಲೇ ಬಿಡಿಸುವ ಬಗೆ

ಕೋಲಾರದ ಕಡೆ ಟೊಮೆಟೊ ಮಂಡಿಗೆ ಹೋಗುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಒಬ್ಬ ರೈತನಿಗೆ ಯಾವ ಮಂಡಿ ಅನುಕೂಲವೆಂದು ಟೆಂಪೋ ಚಾಲಕನೇ ಹೇಳಬಲ್ಲ. ಆದರೆ ರೈತರ ಸಂಘವೊಂದು ಹಲವು ತಾಲ್ಲೂಕುಗಳ ಮಾಲನ್ನು ಹಲವು ಮಂಡಿಗಳಿಗೆ ಹಂಚಬೇಕಾದಾಗ, ಅಗ್ಗವಾದ ದಾರಿಗಳನ್ನೇ ಮೊದಲು ತುಂಬಿಸುತ್ತ ಹೋದರೆ ಕೊನೆಗೆ ಉಳಿಯುವ ದಾರಿಗಳು ದುಬಾರಿಯಾಗಿ ಒಟ್ಟು ಖರ್ಚು ಏರಿಬಿಡಬಹುದು. ಒಟ್ಟು ಖರ್ಚು ಕನಿಷ್ಠವಾಗುವಂತೆ ಹಂಚುವ ಈ ಲೆಕ್ಕಕ್ಕೆ ಗಣಿತದಲ್ಲಿ ಸಾಗಣೆ ಸಮಸ್ಯೆ ಎಂದು ಹೆಸರು. 1941ರಲ್ಲಿ ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ಹಿಚ್‌ಕಾಕ್ ಇದನ್ನು ಸ್ಪಷ್ಟವಾಗಿ ನಿರೂಪಿಸಿದರು. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾನ್‌ಜಿಗ್ ರೂಪಿಸಿದ, ಹಂತಹಂತವಾಗಿ ಉತ್ತರವನ್ನು ಉತ್ತಮಪಡಿಸುತ್ತ ಹೋಗುವ ಸಿಂಪ್ಲೆಕ್ಸ್ ವಿಧಾನ ಇದನ್ನೂ ಬಿಡಿಸುತ್ತದೆ.

ಮೊದಲ ಕೆಲಸ ವೆಚ್ಚದ ಕೋಷ್ಟಕ ಬರೆಯುವುದು, ಮತ್ತು ನನ್ನ ಮಟ್ಟಿಗೆ ಅತಿ ಕಷ್ಟದ ಕೆಲಸವೂ ಇದೇ. ಕಿಲೋಮೀಟರನ್ನು ವೆಚ್ಚವೆಂದು ಬರೆದುಕೊಳ್ಳಬಾರದು. ಗಾಡಿ ಬಾಡಿಗೆ, ಹಮಾಲಿ, ಖಾಲಿ ಗಾಡಿ ಹಿಂದಿರುಗುವ ಖರ್ಚು, ಮಂಡಿಯ ಬಾಗಿಲಲ್ಲಿ ಕಾಯುವ ಹೊತ್ತು ಎಲ್ಲವನ್ನೂ ಕೂಡಿಸಿ, ಬಾಕ್ಸಿಗೆ ಇಷ್ಟು ರೂಪಾಯಿ ಎಂದು ತರಬೇಕು. ಇಲ್ಲಿ ಲೆಕ್ಕ ಕಲಿಯುವುದಕ್ಕಾಗಿ ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಕೋಲಾರ, ಚಿಂತಾಮಣಿ, ಮದನಪಲ್ಲಿ ಮಂಡಿಗಳಿಗೆ ಕ್ರಮವಾಗಿ ಮುಳಬಾಗಿಲಿನಿಂದ ಬಾಕ್ಸಿಗೆ 8, 14, 15 ರೂಪಾಯಿ. ಶ್ರೀನಿವಾಸಪುರದಿಂದ 6, 7, 14. ಮಾಲೂರಿನಿಂದ 7, 15, 24. ಮಾಲು ಇರುವುದು ಮುಳಬಾಗಿಲಿನಲ್ಲಿ 4,000, ಶ್ರೀನಿವಾಸಪುರದಲ್ಲಿ 3,500, ಮಾಲೂರಿನಲ್ಲಿ 2,500 ಬಾಕ್ಸ್. ಬೇಕಿರುವುದು ಕೋಲಾರಕ್ಕೆ 5,000, ಚಿಂತಾಮಣಿಗೆ 3,000, ಮದನಪಲ್ಲಿಗೆ 2,000. ಎರಡೂ ಕಡೆಯ ಮೊತ್ತ 10,000 ಆಗಿರುವುದನ್ನು ಗಮನಿಸಿ. ಮಾಲು ಹೆಚ್ಚಿದ್ದರೆ ಶೂನ್ಯ ವೆಚ್ಚದ ಒಂದು ಕಲ್ಪಿತ ಮಂಡಿಯನ್ನು ಸೇರಿಸಿ ಸರಿದೂಗಿಸಬೇಕು. ಅದಕ್ಕೆ ಬಿದ್ದ ಮಾಲು ಊರಲ್ಲೇ ಉಳಿಯಿತೆಂದು ಅರ್ಥ.

ಒಂದು ಊರಿನಿಂದ ಒಂದು ಮಂಡಿಗೆ ಹೋಗುವ ಪ್ರತಿ ದಾರಿಯೂ ಕೋಷ್ಟಕದ ಒಂದು ಮನೆ. ಈಗ ಅತಿ ಕಡಿಮೆ ವೆಚ್ಚದ ಮನೆಯನ್ನು ಹುಡುಕಿ ಆದಷ್ಟು ತುಂಬುತ್ತ ಬನ್ನಿ. ಶ್ರೀನಿವಾಸಪುರದ 3,500 ಬಾಕ್ಸೂ ಕೋಲಾರಕ್ಕೆ ಹೋಗುತ್ತವೆ, ಮಾಲೂರಿನ 1,500 ಸೇರಿ ಕೋಲಾರ ತುಂಬುತ್ತದೆ. ಮುಳಬಾಗಿಲಿನಿಂದ ಚಿಂತಾಮಣಿಗೆ 3,000, ಮದನಪಲ್ಲಿಗೆ 1,000. ಮಾಲೂರಿನಲ್ಲಿ ಉಳಿದ 1,000 ಬಾಕ್ಸ್ 24 ರೂಪಾಯಿ ತೆತ್ತು ಮದನಪಲ್ಲಿಗೇ ಹೋಗಬೇಕಾಗುತ್ತದೆ. ಒಟ್ಟು ಖರ್ಚು ₹1,12,500.

ಇದನ್ನು ತಿದ್ದಲು ಖಾಲಿ ಮನೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಶ್ರೀನಿವಾಸಪುರದಿಂದ ಚಿಂತಾಮಣಿಗೆ ಒಂದು ಬಾಕ್ಸ್ ಕಳಿಸಿದೆವೆನ್ನಿ: 7 ರೂಪಾಯಿ ಖರ್ಚು. ಅದು ಕೋಲಾರಕ್ಕೆ ಹೋಗದಿದ್ದುದರಿಂದ 6 ಉಳಿಯಿತು. ಕೋಲಾರದ ಆ ಜಾಗಕ್ಕೆ ಮಾಲೂರಿನ ಬಾಕ್ಸ್ ಬಂದರೆ 7 ಖರ್ಚು. ಅದೇ ಬಾಕ್ಸ್ ಮದನಪಲ್ಲಿಗೆ ಹೋಗುವುದು ತಪ್ಪಿ 24 ಉಳಿತಾಯ. ಅಲ್ಲಿಗೆ ಮುಳಬಾಗಿಲಿನದು ಹೋದರೆ 15 ಖರ್ಚು. ಅದು ಚಿಂತಾಮಣಿಗೆ ಹೋಗದಿದ್ದುದಕ್ಕೆ 14 ಉಳಿತಾಯ. ಕೂಡಿ ಕಳೆದರೆ ಬಾಕ್ಸಿಗೆ 15 ರೂಪಾಯಿ ಲಾಭ. ಸುತ್ತು ಹಾಕಿ ಹೊರಟ ಮನೆಗೇ ಮರಳುವ ಈ ದಾರಿಯಲ್ಲಿ, ಹೊರಟ ಮನೆಯೊಂದನ್ನು ಬಿಟ್ಟು ಉಳಿದ ತಿರುವುಗಳೆಲ್ಲ ತುಂಬಿದ ಮನೆಗಳಲ್ಲೇ ಬರಬೇಕು. ಈ ಸುತ್ತಿನಲ್ಲಿ ಬಾಕ್ಸ್ ಕಳೆಯುವ ಮನೆಗಳ ಪೈಕಿ ಅತಿ ಕಡಿಮೆ ಇರುವುದು ಮಾಲೂರು–ಮದನಪಲ್ಲಿಯ 1,000. ಹಾಗಾಗಿ ಅಷ್ಟನ್ನೇ ಸರಿಸಬಹುದು. ಖರ್ಚು ₹97,500ಕ್ಕೆ ಇಳಿಯುತ್ತದೆ.

ಮತ್ತೆ ಪರೀಕ್ಷಿಸಿದರೆ ಮುಳಬಾಗಿಲು–ಕೋಲಾರ ಮನೆಯಲ್ಲಿ ಬಾಕ್ಸಿಗೆ 5 ರೂಪಾಯಿ ಲಾಭ ಕಾಣುತ್ತದೆ; 2,000 ಬಾಕ್ಸ್ ಸರಿಸಿದಾಗ ಖರ್ಚು ₹87,500. ಈಗ ಮುಳಬಾಗಿಲಿನಿಂದ ಕೋಲಾರಕ್ಕೂ ಮದನಪಲ್ಲಿಗೂ ತಲಾ 2,000, ಶ್ರೀನಿವಾಸಪುರದಿಂದ ಕೋಲಾರಕ್ಕೆ 500, ಚಿಂತಾಮಣಿಗೆ 3,000, ಮಾಲೂರಿನ 2,500 ಪೂರ್ತಿ ಕೋಲಾರಕ್ಕೆ. ಉಳಿದ ಖಾಲಿ ಮನೆಗಳಾವುವೂ ಲಾಭ ತೋರಿಸುವುದಿಲ್ಲವಾದ್ದರಿಂದ ಇದೇ ಕನಿಷ್ಠ ವೆಚ್ಚ.

ಪ್ರತಿ ಹಂತದಲ್ಲೂ ತುಂಬಿದ ಮನೆಗಳು ಐದು ಇರಬೇಕು, ಅಂದರೆ ಊರುಗಳೂ ಮಂಡಿಗಳೂ ಸೇರಿದ ಸಂಖ್ಯೆಗಿಂತ ಒಂದು ಕಡಿಮೆ. ಕೊರತೆ ಬಿದ್ದರೆ ತುಂಬಿದ ಮನೆಗಳಷ್ಟರಿಂದಲೇ ಸುತ್ತು ಕೂಡಿಸಲಾಗದ ಒಂದು ಖಾಲಿ ಮನೆಯಲ್ಲಿ ಸೊನ್ನೆ ಬರೆದು ತುಂಬಿದ್ದೆಂದೇ ಎಣಿಸಿ. ಊರುಗಳು ಹತ್ತಿಪ್ಪತ್ತಾದರೆ ಇಂಥ ಲೆಕ್ಕಗಳನ್ನು ತಾನೇ ಬಿಡಿಸುವ, ಎಕ್ಸೆಲ್‌ನ ಸಾಲ್ವರ್ ಎಂಬ ಸೌಲಭ್ಯಕ್ಕೆ ಒಪ್ಪಿಸುವುದು ಲೇಸು.

ಯೋಜನೆ ಮಾಡುವವರು ಅಂತಿಮ ಕೋಷ್ಟಕದ ಖಾಲಿ ಮನೆಗಳನ್ನೂ ಓದಬೇಕು. ಶ್ರೀನಿವಾಸಪುರ–ಮದನಪಲ್ಲಿ ಮನೆಯಲ್ಲಿ ನಷ್ಟ ಬಾಕ್ಸಿಗೆ ಕೇವಲ 1 ರೂಪಾಯಿ, ಮಾಲೂರು–ಮದನಪಲ್ಲಿಯಲ್ಲಿ 10. ಅಂದರೆ ಮೊದಲಿನ ದಾರಿಯ ವೆಚ್ಚ 14ರಿಂದ 13ಕ್ಕಿಂತ ಕೆಳಗಿಳಿಯುವಷ್ಟು ರಸ್ತೆ ಸುಧಾರಿಸಿದರೂ ಹಂಚಿಕೆ ಬದಲಾಗುತ್ತದೆ. ಎರಡನೆಯದರಲ್ಲಿ ಅಷ್ಟೇ ಸುಧಾರಣೆಯಿಂದ ಒಂದು ಬಾಕ್ಸೂ ಅತ್ತ ತಿರುಗುವುದಿಲ್ಲ. ಹೊಸ ಮಂಡಿಯನ್ನೋ ಶೀತಲಗೃಹವನ್ನೋ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೆ ಮಾತ್ರ ಈ ವಿಧಾನವೊಂದೇ ಸಾಲದು. ಅಲ್ಲಿ ಪ್ರತಿ ಜಾಗಕ್ಕೂ ಕಟ್ಟಿದರೆ 1, ಇಲ್ಲದಿದ್ದರೆ 0 ಎಂಬ ಚರವನ್ನು ಸೇರಿಸಿ ಕಟ್ಟಡದ ವೆಚ್ಚವನ್ನೂ ಲೆಕ್ಕಕ್ಕೆ ತರಬೇಕು. ಜಾಗಗಳು ಮೂರು ನಾಲ್ಕೇ ಇದ್ದರೆ, ಪ್ರತಿ ಆಯ್ಕೆಗೂ ಮೇಲಿನ ಕೋಷ್ಟಕವನ್ನು ಹೊಸದಾಗಿ ಬಿಡಿಸಿ ಹೋಲಿಸಿದರೂ ಉತ್ತರ ಸಿಗುತ್ತದೆ.