ಮಳೆಗಾಲದಲ್ಲಿ ಸಹ್ಯಾದ್ರಿ ಹತ್ತುವವರಿಗೆ: ನೆನೆಯಿರಿ, ಆದರೆ ಹಳ್ಳ ನೋಡಿಕೊಂಡು

ಜೂನ್ ಎರಡನೇ ವಾರ ಮಳೆ ಹಿಡಿದರೆ ಸಾಕು, ಪುಣೆಯ ಹಿಂಜವಡಿಯಿಂದ ಮುಂಬೈ ಪಕ್ಕದ ಡೊಂಬಿವಲಿವರೆಗೆ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ಈ ಶನಿವಾರ ಎಲ್ಲಿಗೆ? ಗುಂಪಿನಲ್ಲಿ ಮಲೆನಾಡಿನ ಕಡೆಯವರು ಒಬ್ಬರಾದರೂ ಇದ್ದೇ ಇರುತ್ತಾರೆ. 'ಆಗುಂಬೆ ಮಳೆ ನೋಡಿದವರು ನಾವು, ಇದೇನ್ ಮಹಾ' ಅಂತ ಶುರು ಮಾಡುತ್ತಾರೆ. ಮಳೆ ಗೊತ್ತು ಅನ್ನೋದು ನಿಜ. ಆದರೆ ಇಲ್ಲಿನ ಕಲ್ಲೇ ಬೇರೆ. ಪುಣೆ, ರಾಯಗಡ, ನಾಸಿಕದ ಕಡೆಯ ಸಹ್ಯಾದ್ರಿ ಪೂರ್ತಿ ಬಸಾಲ್ಟ್, ಲಾವಾ ಪದರದ ಮೇಲೆ ಪದರ ಕೂತು ಆದ ಬೆಟ್ಟ. ಮೇಲೆ ಸಪಾಟು ಪಠಾರ್, ಅಂಚಿಗೆ ಬಂದರೆ ನೆಟ್ಟಗೆ ಕಡಿದಾದ ಕಡಾ. ಈ ಕಲ್ಲಿನಲ್ಲಿ ನೀರು ಬೇಗ ಇಂಗುವುದಿಲ್ಲ. ಬಿದ್ದ ಮಳೆಯೆಲ್ಲ ಹಾಗೇ ಜಾರಿ ಹಳ್ಳಕ್ಕೆ ಇಳಿಯುತ್ತದೆ, ಹೋಗುವಾಗ ಪಾದ ಮುಳುಗದ ಹಳ್ಳ ಬರುವಾಗ ಸೊಂಟಕ್ಕೆ ಬಂದಿರುತ್ತದೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಮಳೆಗೆ ಹೆದರಬೇಡಿ, ಹರಿಯುವ ನೀರಿಗೆ ಹೆದರಿ. ಉಳಿದದ್ದೆಲ್ಲ ಸಾಮಾನು ಸರಂಜಾಮಿನ ಮಾತು.

ಎಲ್ಲಿಗೆ ಹೋಗೋದು

ಮೊದಲ ಸಲ ಬ್ಯಾಗ್ ಹೊತ್ತು ಒಂದು ರಾತ್ರಿ ಉಳಿಯುವವರಿಗೆ ರಾಜಮಾಚಿ ಚೆನ್ನಾಗಿದೆ. ಲೋಣಾವಳದಿಂದ ಸುಮಾರು 15 ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು, ದಾರಿ ತಪ್ಪುವ ಚಾನ್ಸ್ ಕಡಿಮೆ. ಕೋಟೆಯ ಬುಡದ ಉಧೇವಾಡಿಯಲ್ಲಿ ಊಟ, ಮಲಗೋದು ಎರಡೂ ಮನೆಗಳಲ್ಲೇ ಆಗುತ್ತದೆ, ಹಾಗಾಗಿ ಟೆಂಟ್ ಹೊರುವ ಗೋಜಿಲ್ಲ. ಮುಂಬೈನವರು ಕರ್ಜತ್‌ನಲ್ಲಿ ಇಳಿದು ಕೊಂಡಿವಡೆ ಕಡೆಯಿಂದ ಹತ್ತಬಹುದು, ಆದರೆ ಅದು ಒಂದೇ ಸಮನೆ ಏರು. ಅರ್ಧ ದಿನ ಸಾಕು ಅನ್ನುವವರಿಗೆ ಲೋಹಗಡ: ಪುಣೆ-ಲೋಣಾವಳ ಲೋಕಲ್‌ನಲ್ಲಿ ಮಳವಲಿಗೆ ಇಳಿದು ನಡೆಯೋದು, ಮೇಲಕ್ಕೆ ಮೆಟ್ಟಿಲಿದೆ. ಭಾನುವಾರ ಮಾತ್ರ ಬೇಡ, ಜಾತ್ರೆ ಇರುತ್ತದೆ.

ಕಾಡೇ ಬೇಕು ಅಂದರೆ ತಾಮ್ಹಿಣಿ ಹತ್ತಿರದ ಅಂಧಾರ್‌ಬನ. ಪಿಂಪ್ರಿ ಹಳ್ಳಿಯಲ್ಲಿ (ಪಿಂಪ್ರಿ-ಚಿಂಚವಡ ಅಲ್ಲ) ಶುರುವಾಗಿ ಹಿರ್ಡಿ ದಾಟಿ ಭಿರಾದಲ್ಲಿ ಇಳಿಯುತ್ತದೆ, ಸುಮಾರು 13 ಕಿಲೋಮೀಟರ್. ಹತ್ತೋದು ಕಡಿಮೆ, ಆದ್ದರಿಂದ ಎಲ್ಲರೂ ಸುಲಭ ಅಂದುಕೊಳ್ಳುತ್ತಾರೆ. ಆದರೆ ದಾರಿಯುದ್ದಕ್ಕೂ ಹಳ್ಳ ದಾಟಬೇಕು, ಶುರು ಒಂದು ಕಡೆ, ಮುಗಿಯೋದು ಇನ್ನೊಂದು ಕಡೆ. ಎರಡು ಹಳ್ಳದ ಮಧ್ಯೆ ನೀರು ಏರಿದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಜೋರು ಮಳೆಯ ವಾರದಲ್ಲಿ ಇದನ್ನು ಬಿಡಿ.

ಭೀಮಾಶಂಕರಕ್ಕೆ ಖಾಂಡಸ್ ಕಡೆಯಿಂದ ಹತ್ತುವವರು ಮಳೆಗಾಲದಲ್ಲಿ ಗಣೇಶ್ ಘಾಟ್ ದಾರಿಯನ್ನೇ ಹಿಡಿಯಿರಿ. ದಾರಿ ಉದ್ದ, ಆದರೆ ಕಾಲು ನೆಲದ ಮೇಲೆ ಇರುತ್ತದೆ. ಶಿಡಿ ಘಾಟ್‌ನ ಕಬ್ಬಿಣದ ಏಣಿಗಳು, ಅದರ ಪಕ್ಕದ ಬಂಡೆ ಎಲ್ಲ ಒದ್ದೆಯಿದ್ದಾಗ ಬ್ಯಾಗ್ ಹೊತ್ತು ಹೋಗುವ ಜಾಗ ಅಲ್ಲ. ಹರಿಶ್ಚಂದ್ರಗಡಕ್ಕೆ ಪಾಚನಯಿ ದಾರಿ ಸಾಕು, ಬಂಡೆ ಏರಬೇಕಾದ ನಳಿಚಿ ವಾಟ್ ದಾರಿಯ ಹೆಸರನ್ನೇ ಮಳೆಗಾಲದಲ್ಲಿ ಎತ್ತಬೇಡಿ. ಗೋವಾದಲ್ಲಿರುವವರು ದೂಧಸಾಗರಕ್ಕೆ ರೈಲು ಹಳಿ ಮೇಲೆ ನಡೆದು ಹೋಗುವ ಹಳೇ ಪ್ಲಾನ್ ಮರೆತುಬಿಡಿ. ಅದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಮಂಜಿನಲ್ಲಿ ರೈಲು ಹತ್ತಿರ ಬಂದರೂ ಕಾಣುವುದಿಲ್ಲ.

ಹೊರಡುವ ಹಿಂದಿನ ರಾತ್ರಿ

ಪುಣೆಯ ಹವಾಮಾನ ನೋಡಿ ಹೊರಡಬೇಡಿ. ಪುಣೆ ಇರೋದು ಮಳೆ ನೆರಳಿನಲ್ಲಿ. ಕೊಥ್ರೂಡ್‌ನಲ್ಲಿ ಸುಮ್ನೆ ಜಿಟಿಜಿಟಿ ಅಂತಿದ್ದರೆ ತಾಮ್ಹಿಣಿಯಲ್ಲಿ ಆಕಾಶ ಕಳಚಿ ಬೀಳುತ್ತಿರುತ್ತದೆ. ಹವಾಮಾನ ಇಲಾಖೆ ಪುಣೆಯ ಘಾಟ್ ಪ್ರದೇಶಕ್ಕೆ ಬೇರೆಯೇ ಎಚ್ಚರಿಕೆ ಕೊಡುತ್ತದೆ, ಅದನ್ನು ನೋಡಿ. ಅವರ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ, 115.6 ದಾಟಿದರೆ ಅತಿ ಭಾರೀ, 204.5 ದಾಟಿದರೆ ವಿಪರೀತ. ಎಚ್ಚರಿಕೆಯ ಬಣ್ಣ ಹಳದಿ ಇದ್ದರೆ ಹಳ್ಳ ಇಲ್ಲದ ದಾರಿ ಆರಿಸಿ. ಆರೆಂಜ್ ಅಥವಾ ಕೆಂಪು ಇದ್ದರೆ ಮನೆಯಲ್ಲೇ ಮಿರ್ಚಿ ಭಜಿ ಮಾಡಿಕೊಳ್ಳಿ. ಇವತ್ತಿನದು ಮಾತ್ರ ಅಲ್ಲ, ಹಿಂದಿನ ಮೂರು ನಾಲ್ಕು ದಿನದ ಮಳೆಯನ್ನೂ ನೋಡಿ, ಏಕೆಂದರೆ ನೆನೆದು ಭಾರವಾದ ಮಣ್ಣು ಮಳೆ ನಿಂತ ಮೇಲೂ ಜಾರುತ್ತದೆ. 2014ರ ಜುಲೈ 30ರಂದು ಅಂಬೇಗಾಂವ್ ತಾಲೂಕಿನ ಮಾಳಿಣ್ ಊರು ಗುಡ್ಡದ ಕೆಳಗೆ ಹೂತುಹೋಯಿತು, 150ಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈ 19ರ ರಾತ್ರಿ ಇರ್ಶಾಳ್‌ಗಡದ ಬುಡದ ಇರ್ಶಾಳ್‌ವಾಡಿಗೂ ಅದೇ ಗತಿಯಾಯಿತು. ಟೆಂಟ್ ಹಾಕುವವರು ಕಡಿದಾದ ಮಣ್ಣಿನ ಇಳಿಜಾರಿನ ಕೆಳಗೆ ಹಾಕಬಾರದು ಅನ್ನೋದು ಇದಕ್ಕೇ.

ಜೋರು ಮಳೆಯ ವಾರಗಳಲ್ಲಿ ಜಿಲ್ಲಾಧಿಕಾರಿಗಳು ಜಲಪಾತ, ಕೋಟೆಗಳಿಗೆ ನಿಷೇಧ ಹಾಕುವುದು ಮಾಮೂಲು. ಹೋದ ವಾರ ತೆರೆದಿತ್ತು ಅಂತ ಈ ವಾರವೂ ಇರುತ್ತದೆ ಅಂದುಕೊಳ್ಳಬೇಡಿ. ಬುಡದ ಊರಿನ ಹೋಟೆಲಿಗೋ ಉಳಿಯುವ ಮನೆಗೋ ಒಂದು ಫೋನ್ ಹಾಕಿ, 'ಓಢ್ಯಾಲಾ ಪಾಣಿ ಕಿತಿ ಆಹೆ' (ಹಳ್ಳದಲ್ಲಿ ನೀರೆಷ್ಟಿದೆ) ಅಂತ ಮರಾಠಿಯಲ್ಲಿ ಕೇಳಿ. ಅವರ ಒಂದು ಮಾತಿಗೆ ಹತ್ತು ಆ್ಯಪ್ ಸಮ ಅಲ್ಲ.

ಶೂ, ಬಟ್ಟೆ, ಬ್ಯಾಗ್

ವಾಟರ್‌ಪ್ರೂಫ್ ಶೂಗೆ ದುಡ್ಡು ಹಾಕಬೇಡಿ. ಹಳ್ಳದಲ್ಲಿ ನೀರು ಮೇಲಿನಿಂದಲೇ ಒಳಗೆ ಬರುತ್ತದೆ, ಬಂದದ್ದು ಹೊರಗೆ ಹೋಗುವುದಿಲ್ಲ, ದಿನವಿಡೀ ಕಾಲು ಸೂಪಿನಲ್ಲಿ ಕುದಿಯುತ್ತಿರುತ್ತದೆ. ನೀರು ಸೋರಿಹೋಗುವ, ಅಡಿಯಲ್ಲಿ ಆಳವಾದ ಹಲ್ಲಿರುವ ಮೆತ್ತನೆ ರಬ್ಬರಿನ ಶೂ ಬೇಕು. ಇಲ್ಲಿನ ಹಳೇ ಟ್ರೆಕ್ಕರ್‌ಗಳೆಲ್ಲ ವರ್ಷಗಟ್ಟಲೆ ಆ್ಯಕ್ಷನ್ ಕಂಪನಿಯ ಅಗ್ಗದ ಟ್ರೆಕ್ಕಿಂಗ್ ಶೂನಲ್ಲೇ ಸಹ್ಯಾದ್ರಿ ಸುತ್ತಿದ್ದಾರೆ. ಆದರೆ ಪಾಚಿ ಹಿಡಿದ ಬಸಾಲ್ಟ್ ಮೇಲೆ ಯಾವ ಶೂನೂ ನಿಲ್ಲುವುದಿಲ್ಲ. ಕಪ್ಪಗೆ ಮಿರಮಿರ ಮಿಂಚುವ ಕಲ್ಲು ಬಿಟ್ಟು ಒರಟಾಗಿ ಬೂದು ಕಾಣುವ ಕಲ್ಲಿಗೆ ಕಾಲಿಡಿ, ಹೆಜ್ಜೆ ಚಿಕ್ಕದಿರಲಿ, ಇಳಿಯುವಾಗ ಮಂಡಿ ಸ್ವಲ್ಪ ಬಾಗಿರಲಿ.

ಜೀನ್ಸ್ ಬೇಡ, ಕಾಟನ್ ಬೇಡ. ನೆಂದ ಕಾಟನ್ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. 20 ಡಿಗ್ರಿ ಇದ್ದರೂ ಪಠಾರಿನ ಗಾಳಿಗೆ ಹಲ್ಲು ಕಟಕಟ ಅನ್ನತೊಡಗುತ್ತದೆ. ಯಾರಾದರೂ ನಡುಗುತ್ತಾ ಮಾತು ತೊದಲಿದರೆ ಫೋಟೋ ಗೀಟೋ ನಿಲ್ಲಿಸಿ, ಗಾಳಿ ಬೀಸದ ಜಾಗಕ್ಕೆ ಕರೆದೊಯ್ದು ಒಣ ಬಟ್ಟೆ ಹಾಕಿಸಿ, ಸಿಹಿಯಾದ್ದೇನಾದರೂ ತಿನ್ನಿಸಿ. ಪಾಲಿಯೆಸ್ಟರ್ ಟೀಶರ್ಟ್, ಬೇಗ ಒಣಗುವ ಪ್ಯಾಂಟ್, ಮೇಲೊಂದು ಜಾಕೆಟ್ ಸಾಕು. ಪೊಂಚೊ, ಅಂದರೆ ತಲೆಯಿಂದ ಇಳಿಬಿಟ್ಟು ಹೊದೆಯುವ ಮಳೆಕೋಟು, ಅಗಲ ದಾರಿಗೆ ಓಕೆ, ಆದರೆ ಗಾಳಿಗೆ ಎದ್ದು ಮುಖಕ್ಕೆ ಬಡಿಯುತ್ತದೆ, ಏಣಿ ಇಳಿಯುವಾಗ ನಿಮ್ಮ ಕಾಲೇ ನಿಮಗೆ ಕಾಣುವುದಿಲ್ಲ.

ಬ್ಯಾಗಿನ ರೇನ್ ಕವರ್ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದು ಕವರಿನ ತಳದಲ್ಲೇ ಕೆರೆ ಕಟ್ಟುತ್ತದೆ. ದಪ್ಪನೆಯ ದೊಡ್ಡ ಕಸದ ಚೀಲ ತಂದು ಬ್ಯಾಗಿನ ಒಳಗೆ ಬಿಡಿಸಿ, ಸಾಮಾನೆಲ್ಲ ಅದರೊಳಗೆ ಹಾಕಿ, ಬಾಯಿ ತಿರುಚಿ ಮಡಚಿ ತುರುಕಿ. ಅದರೊಳಗೆ ಮತ್ತೊಂದು ಕವರಿನಲ್ಲಿ ರಾತ್ರಿಯ ಬಟ್ಟೆ, ಒಂದು ಜೊತೆ ಸಾಕ್ಸ್, ಹೊದಿಕೆ. ಈ ಕವರನ್ನು ಸೂರಿನ ಕೆಳಗೆ ಹೋಗುವವರೆಗೆ ಬಿಚ್ಚುವಂತಿಲ್ಲ, ಮೇಲೆ ಹೇಳಿದ ನಡುಕದ ಕೇಸ್ ಒಂದನ್ನು ಬಿಟ್ಟು. ಇನ್ನು ಎಲ್ಲರೂ ಬೈಯುವ ಸಲಹೆ: ಮರುದಿನ ಬೆಳಿಗ್ಗೆ ಮತ್ತೆ ಆ ತಣ್ಣನೆಯ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಹತ್ತು ನಿಮಿಷ ಕಷ್ಟ, ಅಷ್ಟೇ. ಒಣ ಬಟ್ಟೆ ಹಾಕಿಕೊಂಡು ಹೊರಟಿರೋ, ಅರ್ಧ ಗಂಟೆಯಲ್ಲಿ ನಿಮ್ಮ ಹತ್ತಿರ ಎರಡು ಜೊತೆ ಒದ್ದೆ ಬಟ್ಟೆ.

ಹಳ್ಳ ದಾಟುವಾಗ

ಮೊದಲು ನಿಂತು ನೋಡಿ. ತಳದ ಕಲ್ಲು ಕಾಣುತ್ತಿದೆಯಾ? ನೀರು ಕದಡಿ ಕಂದಾಗುತ್ತಿದ್ದರೆ, ಎಲೆ ಕಡ್ಡಿ ತೇಲಿ ಬರುತ್ತಿದ್ದರೆ, ಸದ್ದು ದಪ್ಪಗಾಗುತ್ತಿದ್ದರೆ ಮೇಲೆಲ್ಲೋ ಜೋರು ಮಳೆ ಬಿದ್ದಿದೆ ಅಂತ. ಆಗ ಇಳಿಯಬೇಡಿ, ಇಳಿದಿದ್ದರೆ ಹತ್ತಿರದ ದಡಕ್ಕೆ ಬನ್ನಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಇದು ಆಗುತ್ತದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಮಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದನ್ನು ವಿಡಿಯೋದಲ್ಲಿ ಎಲ್ಲರೂ ನೋಡಿದ್ದೇವೆ. ಅವರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂಡೆಯ ಮೇಲೆ ನಿಂತಿದ್ದರು.

ಮಂಡಿ ದಾಟಿದ ರಭಸದ ನೀರು ಅಂದರೆ ದಾಟೋದಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಬನ್ನಿ, ಅಲ್ಲಿ ನಿಂತು ಚರ್ಚೆ ಬೇಡ. ದಾಟಬಹುದು ಅನ್ನಿಸಿದರೆ ಅಗಲವಾದ ಜಾಗ ಹುಡುಕಿ. ಕಿರಿದಾದ ಕಡೆ ಹಾರಿಬಿಡೋಣ ಅನ್ನಿಸುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ಸೆಳೆತ. ಕೆಳಗೆ ಜಲಪಾತ ಇರುವ ಕಡೆ ಪಾದ ಮುಳುಗುವಷ್ಟೇ ನೀರಿದ್ದರೂ ಬೇಡ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಬ್ಯಾಗ್ ಕಳಚಿ ಬಿಡೋದಕ್ಕೆ. ಶೂ ಬಿಚ್ಚಬೇಡಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಏಡಿಯ ಹಾಗೆ ಅಡ್ಡಡ್ಡ ಸರಿಯಿರಿ. ಕೋಲು ಮತ್ತು ಎರಡು ಕಾಲು, ಈ ಮೂರರಲ್ಲಿ ಒಂದು ಮಾತ್ರ ಒಂದು ಸಲಕ್ಕೆ ಅಲುಗಬೇಕು. ಮೈಗೆ ಹಗ್ಗ ಕಟ್ಟಿಕೊಂಡು ಇಳಿಯೋದು ಸಿನಿಮಾಕ್ಕೆ ಸರಿ. ಕಾಲು ಜಾರಿದರೆ ಆ ಹಗ್ಗವೇ ನಿಮ್ಮನ್ನು ನೀರಿನ ಕೆಳಗೆ ಒತ್ತಿ ಹಿಡಿಯುತ್ತದೆ.

ಬಸಾಲ್ಟ್ ಹಳ್ಳದ ಒಂದು ಒಳ್ಳೇ ಗುಣ ಅಂದರೆ ಏರಿದಷ್ಟೇ ಬೇಗ ಇಳಿಯುತ್ತದೆ. ಮಳೆ ತಗ್ಗಿ ಒಂದೆರಡು ಗಂಟೆ ಕಾದರೆ ಚಿಕ್ಕ ಹಳ್ಳಗಳು ಎಷ್ಟೋ ಸಲ ದಾರಿ ಬಿಡುತ್ತವೆ. ಆದ್ದರಿಂದ ನಿಮ್ಮ ಪ್ಲಾನಿನಲ್ಲಿ ಕಾಯೋದಕ್ಕೆ ಟೈಮ್ ಇರಲಿ. ಮುಂಬೈನವರಿಗೆ ಕರ್ಜತ್‌ನ ಲೋಕಲ್ ತಪ್ಪುತ್ತದೆ, ಸೋಮವಾರ ಸ್ಟ್ಯಾಂಡ್-ಅಪ್ ಮೀಟಿಂಗ್ ಇದೆ, ಈ ಅವಸರವೇ ಜನರನ್ನು ಹಳ್ಳಕ್ಕೆ ಇಳಿಸೋದು.

ಮಂಜು, ದಾರಿ, ಹುಳ ಹುಪ್ಪಟೆ

ಬೆಳಿಗ್ಗೆ ಏಳಕ್ಕೆ ನಡಿಗೆ ಶುರುವಾಗಲಿ. ಎಲ್ಲೇ ಇರಲಿ, ಮಧ್ಯಾಹ್ನ ಒಂದಕ್ಕೆ ವಾಪಸ್ ತಿರುಗೋದು, ಶಿಖರ ಹತ್ತು ನಿಮಿಷ ದೂರ ಇದ್ದರೂ. ಮಳೆಗಾಲದ ಕಾಡಿನಲ್ಲಿ ಐದೂವರೆಗೇ ಕತ್ತಲು, ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು ಬೇಕು. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಜೊತೆಗೆ ಆಗಾಗ ತಿರುಗಿ ನೋಡಿ, ಬರುವಾಗ ದಾರಿ ಕಾಣೋದು ಆ ಕಡೆಯಿಂದ. ಪಠಾರಿನ ಮಂಜಿನಲ್ಲಿ ದನದ ಜಾಡು ಎಲ್ಲ ದಾರಿಯ ಹಾಗೇ ಕಾಣುತ್ತದೆ. ಬಾಣದ ಗುರುತು ಸಿಗದೇ ಹೋದರೆ ಕೊನೆಯ ಗುರುತಿಗೆ ವಾಪಸ್ ಹೋಗಿ. ಅದೂ ಕಾಣದಿದ್ದರೆ ಕೂತುಬಿಡಿ, ಮಂಜು ಸರಿಯುತ್ತದೆ. ಅಂಚಿನ ಹತ್ತಿರ ಕಾರ್ವಿ ಗಿಡ ಹಿಡಿದು ಇಣುಕಬೇಡಿ, ಬೇರು ಸಮೇತ ಕೈಗೆ ಬರುತ್ತದೆ.

ಕೊಂಬೆ ಹಿಡಿಯುವ ಮುಂಚೆಯೂ ನೋಡಿ, ಮಳೆಗಾಲದಲ್ಲಿ ಹಸಿರು ಮಂಡಲದ ಹಾವು ಎಲೆಯ ಬಣ್ಣದಲ್ಲೇ ಕೂತಿರುತ್ತದೆ. ಇಂಬಳ (ಜಿಗಣೆ) ಗೋವಾದ ಮೊಲೆಂ ಕಡೆ ಜಾಸ್ತಿ, ಪುಣೆ ಸುತ್ತಮುತ್ತ ನಮ್ಮ ಮಲೆನಾಡಿನಷ್ಟಿಲ್ಲ. ಹಿಡಿದರೆ ಎಳೆದು ಕೀಳಬೇಡಿ, ಬಾಯಿಯ ಕೆಳಗೆ ಉಗುರು ತೂರಿಸಿ ಸರಿಸಿ. ಗುಡುಗು ಮಿಂಚು ಜುಲೈಗಿಂತ ಜೂನ್ ಶುರುವಿನಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಹೆಚ್ಚು. ಆಗ ಬಯಲು ಪಠಾರ್, ಕಬ್ಬಿಣದ ಏಣಿ, ಒಂಟಿ ಮರ ಮೂರರಿಂದಲೂ ದೂರ ಇರಿ. ಎಡವಟ್ಟಾದರೆ 112ಕ್ಕೆ ಫೋನ್. ಲೋಣಾವಳದ ಸುತ್ತ ಶಿವದುರ್ಗ ಮಿತ್ರ ಅನ್ನುವ ಸ್ವಯಂಸೇವಕರ ರೆಸ್ಕ್ಯೂ ತಂಡ ಇದೆ. ಕಾಡಿನೊಳಗೆ ನೆಟ್‌ವರ್ಕ್ ಸಿಗೋದು ಅಪರೂಪ, ಹಾಗಾಗಿ ಎಲ್ಲಿಗೆ ಹೋಗ್ತಿದ್ದೀರಿ, ಯಾವಾಗ ಬರ್ತೀರಿ ಅನ್ನೋದನ್ನು ಮನೆಯಲ್ಲೂ ಬುಡದ ಊರಿನಲ್ಲೂ ಹೇಳಿ ಹೋಗಿ.

ತಿನ್ನೋದು, ವಾಪಸ್ ಬಂದ ಮೇಲೆ

ಒಲೆ ಹಚ್ಚುವ ಆಸೆ ಬಿಡಿ, ಸೌದೆಯೆಲ್ಲ ಒದ್ದೆ. ಚಪಾತಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಚಿಕ್ಕಿ ಇವೆಲ್ಲ ನಡೆಯುತ್ತಲೇ ತಿನ್ನಬಹುದು. ಕಡಕ್ ರೊಟ್ಟಿ ತಂದರೆ ಡಬ್ಬಿಯಲ್ಲಿ ತನ್ನಿ, ಇಲ್ಲದಿದ್ದರೆ ಸಂಜೆಗೆ ಚಕ್ಕಳ. ಊರಿನ ಮನೆಯಲ್ಲಿ ಸಿಗುವ ಬಿಸಿ ಪಿಠ್ಲಾ ಭಾಕ್ರಿ ನಮ್ಮ ಝುಣಕದ ಅಣ್ಣನೇ, ಅದರ ಮುಂದೆ ಮ್ಯಾಗಿ ಆರ್ಡರ್ ಮಾಡುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ರಾತ್ರಿ ಕಾಲು ಒರೆಸಿ, ಬೆರಳ ಸಂದಿಗೆಲ್ಲ ಗಾಳಿಯಾಡಲು ಬಿಡಿ. ಬೆಳಿಗ್ಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಿ ಸಾಕ್ಸ್ ಹಾಕಿದರೆ ಗುಳ್ಳೆ ಕಡಿಮೆ. ಮನೆಗೆ ಬಂದ ಮೇಲೆ ಶೂ ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ, ಎರಡು ಮೂರು ಸಲ ಪೇಪರ್ ಬದಲಿಸಿ. ಕಾಲಿನ ಗಾಯಗಳನ್ನು ಸೋಪು ಹಾಕಿ ತೊಳೆಯಿರಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದು ಮೀನಖಂಡ ನೋವು, ಕಣ್ಣು ಕೆಂಪಾದರೆ ಕ್ರೋಸಿನ್ ನುಂಗಿ ಆಫೀಸಿಗೆ ಹೋಗಬೇಡಿ. ಡಾಕ್ಟರ ಹತ್ತಿರ ಹೋಗಿ, ಗಾಯದ ಕಾಲಲ್ಲಿ ಕೆಸರು ನೀರಿನಲ್ಲಿ ನಡೆದಿದ್ದೆ ಅಂತ ನೀವಾಗಿಯೇ ಹೇಳಿ. ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಇರಬಹುದಾ ಅಂತ ಅವರು ನೋಡುತ್ತಾರೆ.