ಚಳಿಗಾಲದ ಹದವಾದ ದಿನ ಟ್ರೌಟ್‌ಗೆ ಫ್ಲೈ ಹಾಕುವ ಕ್ರಮ

ಕೊರೆಯುವ ಚಳಿಯ ನಡುವೆ ಎರಡು ಮೂರು ದಿನ ಒಳ್ಳೆಯ ಬಿಸಿಲು ಬಿದ್ದರೆ ತಣ್ಣೀರಿನ ಮೀನಾದ ಟ್ರೌಟ್ ಬಾಯಿ ತೆರೆಯುತ್ತದೆ, ಫ್ಲೈಗೆ (ಹುಳುವಿನಂತೆ ಕಾಣಲು ಕಟ್ಟಿದ ಕೊಕ್ಕೆಗೆ) ಕಚ್ಚುತ್ತದೆ. ಹಾಗೆಂದು ನಸುಕಿಗೇ ಹೊಳೆಗೆ ಇಳಿಯಬೇಕಿಲ್ಲ. ಬೇಸಿಗೆಯ ಆ ಅಭ್ಯಾಸ ಇಲ್ಲಿ ಕೈ ಮರಗಟ್ಟಿಸುವುದಕ್ಕಷ್ಟೇ ಸಾಕು. ಮೀನಿನ ಮೈಬಿಸಿ ನೀರಿನದ್ದನ್ನೇ ಅನುಸರಿಸುತ್ತದೆ. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕಾಗಿ ಅಟ್ಟಿಕೊಂಡು ತಿನ್ನುವ ಟ್ರೌಟ್, 4 ಡಿಗ್ರಿಗಿಂತ ಕೆಳಗೆ ಹೋದಾಗ ತಳ ಹಿಡಿದು ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಜೀರ್ಣವಾಗುವುದು ನಿಧಾನ, ಹಾಗಾಗಿ ಹಸಿವೂ ಕಡಿಮೆ.

ಜೇಬಿನಲ್ಲಿ ಮೊದಲು ಇರಬೇಕಾದ್ದು ಥರ್ಮಾಮೀಟರ್. ಗಾಳಿ ಎಷ್ಟು ಬೆಚ್ಚಗಿದೆ ಎನ್ನುವುದು ನಿಮಗೆ ಮುಖ್ಯ, ಮೀನಿಗಲ್ಲ. ದಡಕ್ಕೆ ಬಂದೊಡನೆ ಒಮ್ಮೆ ಅಳೆಯಿರಿ, ಆಮೇಲೆ ಗಂಟೆಗೊಮ್ಮೆ. ಅಂಕಿಗಿಂತ ಅದು ಯಾವ ಕಡೆಗೆ ಹೋಗುತ್ತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ: 3ರಿಂದ 5ಕ್ಕೆ ಏರುತ್ತಿರುವ ನೀರು, 6ರಿಂದ ಇಳಿಯುತ್ತಿರುವ ನೀರಿಗಿಂತ ಎಷ್ಟೋ ವಾಸಿ. ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗಿನ ಅವಧಿಯೇ ಕೆಲಸದ ಹೊತ್ತು. ಒಂದು ಎಚ್ಚರ ಬೇಕು. ದಡದಲ್ಲಿ ಹಿಮ ದಟ್ಟವಾಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ ಹೊಳೆ ಸೇರುತ್ತದೆ. ಗಾಳಿ ಬಿಸಿಯಾಗುತ್ತಿರುವಾಗಲೇ ನೀರು ತಣ್ಣಗಾಗಿ, ಕದಡಿ, ಮೀನು ಬಾಯಿ ಮುಚ್ಚುತ್ತದೆ. ಹಾಗಾದರೆ ಆ ಜಾಗ ಬಿಟ್ಟು ಅಣೆಕಟ್ಟಿನ ಕೆಳಗಿನ ಹರಿವಿಗೋ ಬುಗ್ಗೆಯಿಂದ ಹುಟ್ಟಿದ ತೊರೆಗೋ ಹೋಗುವುದು ಲೇಸು. ನೀರು ಅತಿ ಸಾಂದ್ರವಾಗುವುದು 4 ಡಿಗ್ರಿಯಲ್ಲಿ. ಆಳವಾದ ಜಲಾಶಯದ ತಳದಲ್ಲಿ ಆ ನೀರೇ ಕೂತಿರುತ್ತದೆ. ತಳದಿಂದ ನೀರು ಬಿಡುವ ಅಣೆಕಟ್ಟಿನ ಕೆಳಗೆ ಒಂದಷ್ಟು ದೂರ ಹೊಳೆ ಹೆಪ್ಪುಗಟ್ಟದಿರುವುದು ಅದಕ್ಕೇ.

ಎಲ್ಲಿ ಹುಡುಕಬೇಕು? ಬೇಸಿಗೆಯಲ್ಲಿ ಮೀನು ಸಿಕ್ಕಿದ ಜೋರು ಹರಿವನ್ನು ಬಿಡಿ, ಅಲ್ಲಿ ನಿಲ್ಲಲು ಈಗ ಅದಕ್ಕೆ ಶಕ್ತಿಯ ಲೆಕ್ಕ ಕೂಡುವುದಿಲ್ಲ. ಸೊಂಟದಿಂದ ಎದೆಮಟ್ಟದ ಆಳ, ಮನುಷ್ಯ ನಿಧಾನವಾಗಿ ನಡೆಯುವಷ್ಟೇ ವೇಗ, ಪಕ್ಕದಲ್ಲೇ ತಿನಿಸು ಹೊತ್ತು ತರುವ ಸೆಳವು, ಇಂಥ ಮಡುಗಳಲ್ಲಿ ಮೀನು ಗುಂಪಾಗಿ ಸೇರಿರುತ್ತದೆ. ಒಂದು ಸಿಕ್ಕಿದರೆ ಅಲ್ಲಿಂದ ಕದಲಬೇಡಿ.

ಸಲಕರಣೆ ಸರಳ. 9 ಅಡಿಯ, 4 ಅಥವಾ 5 ವೇಯ್ಟ್ (ಹೊಂದುವ ಲೈನಿನ ತೂಕದ ಅಂಕಿ) ರಾಡ್, ತೇಲುವ ಲೈನ್, 9 ಅಡಿಯ 4ಎಕ್ಸ್ ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ; ಎಕ್ಸ್ ಅಂಕಿ ಹೆಚ್ಚಿದಷ್ಟೂ ದಾರ ತೆಳು). ಲೀಡರ್ ತುದಿಗೆ 45 ಸೆಂ.ಮೀ. 5ಎಕ್ಸ್ ಫ್ಲೂರೋಕಾರ್ಬನ್ ಟಿಪ್ಪೆಟ್ (ಕೊನೆಯ ತೆಳು ದಾರ) ಕಟ್ಟಿ, ಅದಕ್ಕೆ 14 ಅಥವಾ 16ನೇ ನಂಬರಿನ ಬೀಡ್‌ಹೆಡ್ ಫೆಸೆಂಟ್ ಟೇಲ್ (ತಲೆಗೆ ಮಣಿಯಿರುವ, ಮುಳುಗುವ ಫ್ಲೈ) ಹಾಕಿ. ಆ ಕೊಕ್ಕೆಯ ಬಾಗಿಗೆ 35ರಿಂದ 40 ಸೆಂ.ಮೀ. 6ಎಕ್ಸ್ ಕಟ್ಟಿ, ತುದಿಗೆ 20 ಅಥವಾ 22ನೇ ನಂಬರಿನ ಕಪ್ಪು ಝೀಬ್ರಾ ಮಿಡ್ಜ್ (ಮಿಡ್ಜ್ ಎಂಬ ಪುಟ್ಟ ನೊಣದ ಮರಿಯನ್ನು ಹೋಲುವ ಫ್ಲೈ). ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು. 22 ಎಂದರೆ ಎಳ್ಳಿಗಿಂತ ತುಸು ದೊಡ್ಡದು, ಅಷ್ಟೇ. ಚಳಿಗಾಲದುದ್ದಕ್ಕೂ ಮೊಟ್ಟೆಯೊಡೆದು, ಬೆಳೆದು, ಮೇಲೇರುವ ಹುಳು ಮಿಡ್ಜ್ ಒಂದೇ ಎನ್ನಬಹುದು, ಆದ್ದರಿಂದ ಈ ಗಾತ್ರಕ್ಕೆ ಹೆದರಬೇಡಿ. ಮೊದಲ ಫ್ಲೈಗಿಂತ 20 ಸೆಂ.ಮೀ. ಮೇಲೆ ಸಣ್ಣ ಸ್ಪ್ಲಿಟ್ ಶಾಟ್ (ಭಾರಕ್ಕೆಂದು ದಾರಕ್ಕೆ ಕಚ್ಚಿಸುವ ಸೀಳುಗುಂಡು) ಒತ್ತಿ. ಇಂಡಿಕೇಟರ್ (ಕಚ್ಚಿದ್ದನ್ನು ತೋರುವ ಸಣ್ಣ ತೇಲುಬುರುಡೆ) ಫ್ಲೈಯಿಂದ ನೀರಿನ ಆಳದ ಒಂದೂವರೆ ಪಟ್ಟು ಮೇಲಿರಲಿ. ಎರಡು ಫ್ಲೈ ಕಟ್ಟುವುದಕ್ಕೂ ಸೀಸದ ಗುಂಡಿಗೂ ಕೆಲವು ಕಡೆ ನಿಷೇಧವಿದೆ, ಚಳಿಗಾಲದಲ್ಲಿ ಮುಚ್ಚುವ ಹೊಳೆಗಳೂ ಇವೆ, ಮೊದಲೇ ವಿಚಾರಿಸಿ. ಮರಗಟ್ಟಿದ ಬೆರಳಲ್ಲಿ 22ರ ಕಣ್ಣಿಗೆ ದಾರ ಪೋಣಿಸುವುದು ಆಗದ ಮಾತು. ಇಂಥ ಜೋಡಿಗಳನ್ನು ನಾಲ್ಕೈದು ಮನೆಯಲ್ಲೇ ಕಟ್ಟಿ, ಫೋಮ್ ತುಂಡಿಗೆ ಸುತ್ತಿಟ್ಟುಕೊಂಡರೆ ಹೊಳೆಯಲ್ಲಿ ಉಳಿಯುವುದು ಒಂದೇ ಗಂಟು.

ಇನ್ನು ಮುಖ್ಯ ಕೆಲಸ. ಈ ಕಾಲದಲ್ಲಿ ಮೀನು ಫ್ಲೈಯತ್ತ ಬರುವುದಿಲ್ಲ, ಫ್ಲೈಯನ್ನೇ ಅದರ ಮೂತಿಯ ಮುಂದೆ ಒಯ್ಯಬೇಕು. ಸೆಳವಿಗೆ ಎದುರಾಗಿ ಓರೆಯಲ್ಲಿ ಎಸೆದು, ಲೈನ್ ನೀರಿಗೆ ಬಿದ್ದ ಕೂಡಲೇ ಅದರ ಬಾಗಿದ ನಡುಭಾಗವನ್ನು ಮೇಲ್ಹರಿವಿನತ್ತ ಎತ್ತಿಹಾಕಿ. ಇಲ್ಲದಿದ್ದರೆ ಲೈನ್ ಮುಂದೋಡಿ ಫ್ಲೈಯನ್ನು ಎಳೆಯುತ್ತದೆ, ಎಳೆದ ಫ್ಲೈಯನ್ನು ಚಳಿಗಾಲದ ಟ್ರೌಟ್ ಅಟ್ಟಿಕೊಂಡು ಹೋಗುವುದಿಲ್ಲ. ಈಗ ಇಂಡಿಕೇಟರ್ ಪಕ್ಕದ ನೊರೆಯನ್ನು ಗಮನಿಸಿ. ತಳದ ನೀರು ಮೇಲಿನದಕ್ಕಿಂತ ನಿಧಾನ. ನೊರೆಯೊಂದಿಗೆ ಇಂಡಿಕೇಟರ್ ಸರಿಸಮನಾಗಿ ಓಡುತ್ತಿದ್ದರೆ ಫ್ಲೈ ತಳ ಮುಟ್ಟಿಲ್ಲ. ನೊರೆ ಸ್ವಲ್ಪ ಮುಂದೆ ಹೋಗಿ ಇಂಡಿಕೇಟರ್ ಹಿಂದುಳಿದರೆ ಆಳ ಸರಿಯಾಗಿದೆ. ನಾಲ್ಕೈದು ಹರಿವಿಗೊಮ್ಮೆ ಕಲ್ಲಿಗೆ ತಾಗಬೇಕು. ಪ್ರತಿ ಸಲವೂ ಸಿಕ್ಕಿಹಾಕಿಕೊಂಡರೆ ಗುಂಡು ತೆಗೆಯಿರಿ, ತಾಗದೇ ಹೋದರೆ ಇನ್ನೊಂದು ಸೇರಿಸಿ. ಮೀನು ಕಚ್ಚದಿದ್ದರೆ ಫ್ಲೈ ಬದಲಿಸುವ ಚಪಲ ಎಲ್ಲರಿಗೂ ಇದೆ. ಮೊದಲು ಭಾರ ಬದಲಿಸಿ, ಆಮೇಲೆ ಆಳ, ಕೊನೆಗೆ ಫ್ಲೈ.

ಹತ್ತಿರದ ನೀರಿನಿಂದ ಶುರುಮಾಡಿ, ಒಂದು ಗೆರೆಯಲ್ಲಿ ಐದಾರು ಬಾರಿ ಹರಿಯಬಿಟ್ಟು, ಮುಂದಿನ ಗೆರೆಗೆ ಒಂದೇ ಗೇಣು ಸರಿಯಿರಿ. ಕಚ್ಚಿದಾಗ ಇಂಡಿಕೇಟರ್ ಗುಳುಂ ಎಂದು ಮುಳುಗುವುದು ಅಪರೂಪ. ಅದು ಅರೆಕ್ಷಣ ತಡೆಯುತ್ತದೆ, ಇಲ್ಲವೇ ಓರೆಯಾಗುತ್ತದೆ. ಅಷ್ಟಕ್ಕೇ ರಾಡ್ ಎತ್ತಿ, ಆದರೆ ಮೆತ್ತಗೆ. ಜೋರಾಗಿ ಜಗ್ಗಿದರೆ 6ಎಕ್ಸ್ ಅಲ್ಲೇ ತುಂಡು.

ಮಧ್ಯಾಹ್ನ ಮಡುವಿನ ಕೊನೆಯ ನಯವಾದ ನೀರಿನಲ್ಲಿ ಸಣ್ಣ ಉಂಗುರಗಳು ಕಂಡರೆ ಮಿಡ್ಜ್ ಮೇಲೆದ್ದಿದೆ. ಗುಂಡು, ಇಂಡಿಕೇಟರ್ ಎರಡನ್ನೂ ಕಳಚಿ, 6ಎಕ್ಸ್‌ಗೆ 20ರ ಗ್ರಿಫಿತ್ಸ್ ನ್ಯಾಟ್ (ತೇಲುವ ಪುಟ್ಟ ಫ್ಲೈ) ಕಟ್ಟಿ. ಮೋಡ ಕವಿದಿದ್ದರೆ ಬ್ಲೂ ವಿಂಗ್ಡ್ ಆಲಿವ್ ಎಂಬ ಹುಳು ಕೂಡ ಏಳಬಹುದು.

ಬೆಳಗಿನ ಚಳಿ ಇನ್ನೂ ಸೊನ್ನೆಯ ಕೆಳಗಿದ್ದರೆ ರಾಡಿನಲ್ಲಿ ಲೈನ್ ಹಾಯುವ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬೆರಳಿಂದ ಒತ್ತಿ ಮುರಿಯಬೇಡಿ, ತುದಿಯ ಉಂಗುರವೇ ಕಿತ್ತುಬರುತ್ತದೆ. ರಾಡನ್ನು ನೀರಿನಲ್ಲಿ ಅದ್ದಿ ಕರಗಿಸಿ. ಅಂಥ ಹೊತ್ತಿನಲ್ಲಿ ಹಿಡಿದ ಮೀನನ್ನು ಫೋಟೋಗೆಂದು ಮೇಲೆತ್ತಲೂಬೇಡಿ, ಕಿವಿರಿನ ತೆಳು ಎಸಳುಗಳು ಹೆಪ್ಪುಗಟ್ಟುತ್ತವೆ. ಮುಳ್ಳು ಒತ್ತಿಹಾಕಿದ ಕೊಕ್ಕೆಯಿದ್ದರೆ ಬಲೆಯನ್ನು ನೀರಿನಲ್ಲೇ ಇಟ್ಟು ಬಿಡಿಸಬಹುದು.

ನೀರಿಗಿಳಿಯುವಾಗ ವೇಡರ್ (ನೀರು ಒಳಬಿಡದ ಉದ್ದನೆಯ ಉಡುಪು) ಮೇಲೆ ಬೆಲ್ಟ್ ಬಿಗಿದಿರಲಿ, ಗಾಡಿಯಲ್ಲಿ ಒಂದು ಜೊತೆ ಒಣ ಬಟ್ಟೆ ಇರಲಿ. ಕಾಲುಚೀಲದ ಮೇಲೆ ಕಾಲುಚೀಲ ತುರುಕಿದರೆ ರಕ್ತದ ಓಡಾಟ ತಡೆದು ಪಾದ ಇನ್ನಷ್ಟು ಬೇಗ ತಣ್ಣಗಾಗುತ್ತದೆ. ದಪ್ಪನೆಯ ಒಂದು ಉಣ್ಣೆಯದು, ಬೂಟಿನೊಳಗೆ ಬೆರಳಾಡಿಸುವಷ್ಟು ಜಾಗ, ಇಷ್ಟು ಸಾಕು. ದಡಕ್ಕೆ ಅಂಟಿದ ಮಂಜುಗಡ್ಡೆಯ ಚಪ್ಪಡಿಯ ಮೇಲೆ ನಿಲ್ಲಬೇಡಿ. ಬೆಚ್ಚನೆಯ ದಿನವೇ ಅದು ಕಳಚಿಕೊಳ್ಳುವುದು. ಮಡುವಿನ ಬಾಲದ ತೆಳುನೀರಿನಲ್ಲಿ ಸುತ್ತಲಿನ ಪಾಚಿಬಣ್ಣದ ನಡುವೆ ತೊಳೆದಿಟ್ಟಂತೆ ತಿಳಿಯಾದ ನೊರಜುಗಲ್ಲಿನ ತಗ್ಗು ಕಂಡರೆ ಅದನ್ನು ತುಳಿಯದೆ ಸುತ್ತಿ ಹೋಗಿ. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ ಇಟ್ಟ ಮೊಟ್ಟೆಗಳು ವಸಂತದ ಹೊತ್ತಿನವರೆಗೆ ಆ ಕಲ್ಲುಗಳ ಸಂದಿಯಲ್ಲೇ ಇರುತ್ತವೆ, ಒಂದು ಹೆಜ್ಜೆಗೆ ನೂರಾರು ಜಜ್ಜಿಹೋಗಬಹುದು.