ಎರಡು ನಿಮಿಷದ ಆರಂಭ ಕಲಿತದ್ದು ಕಾಲೇಜು ಹುಡುಗರಿಂದ

"ದೊಡ್ಡ ದೊಡ್ಡ ನಿರ್ದೇಶಕರ ಸಿನಿಮಾ ಬಿಟ್ಟು ಕಾಲೇಜು ಹುಡುಗರದ್ದು ನೋಡಿ ಏನೋ ಕಲೀತೀಯ?" ಸೋಮವಾರಪೇಟೆಯಲ್ಲಿ ಈ ಮಾತು ಹೇಳದವರಿಲ್ಲ. ಮದುವೆ ವಿಡಿಯೋ ಮಾಡುವ ಅಣ್ಣಂದಿರೂ ಹೇಳಿದರು, ನಮ್ಮ ಮೇಷ್ಟ್ರೂ ಹೇಳಿದರು. ಈಗ ನಾವೇ ಮಾಡಿದ ಸಿನಿಮಾದ ಆರಂಭ ನೋಡಿದವರೆಲ್ಲ "ಮುಂದೇನಾಯ್ತು?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾಲೇಜು ಹುಡುಗರು ಅಂದರೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿಯ ಪಠ್ಯದಲ್ಲಿ ಮೀಡಿಯಾ ಸ್ಟಡೀಸ್ ಓದುವ ಮಕ್ಕಳು. ಅವರಲ್ಲಿ ಹಲವರು ಕೋರ್ಸಿನ ಕೆಲಸವಾಗಿ ಹೊಸ ಕಥಾಚಿತ್ರವೊಂದರ ಆರಂಭವನ್ನು ಟೈಟಲ್ ಸಮೇತ, ಅಂದರೆ ಪರದೆ ಮೇಲೆ ಬರುವ ಹೆಸರುಗಳ ಸಮೇತ, ಮಾಡುತ್ತಾರೆ. 2 ನಿಮಿಷ ಮೀರುವಂತಿಲ್ಲ. ಯೂಟ್ಯೂಬ್‌ನಲ್ಲಿ ರಾಶಿ ಇವೆ. ಅವರ ಕ್ಯಾಮೆರಾ, ಅವರ ದುಡ್ಡು ನಮ್ಮ ಅಳತೆಯದೇ. ದೊಡ್ಡ ಸಿನಿಮಾದಲ್ಲಿ ಶಾಟ್ ಜೋಡಿಸಿದ ಹೊಲಿಗೆ ಕಾಣುವುದಿಲ್ಲ, ಇವುಗಳಲ್ಲಿ ಎದ್ದು ಕಾಣುತ್ತದೆ.

ಹತ್ತಿರ ಹತ್ತಿರ ನಲವತ್ತು ನೋಡಿರಬೇಕು. ಮೊದಲ ಸಲ ಸೌಂಡ್ ಮುಚ್ಚಿ, ಎರಡನೇ ಸಲ ಪರದೆ ನೋಡದೆ ಬರೀ ಕೇಳಿ. ಆಮೇಲೆ ಪೆನ್ನು ಹಿಡಿದು ಪ್ರತಿ ಶಾಟ್ ಎಷ್ಟು ಸೆಕೆಂಡು, ಹೆಸರು ಯಾವಾಗ ಬಂತು ಅಂತ ಬರೆದೆ. ಅರ್ಧಕ್ಕರ್ಧ ಒಂದೇ ಕಥೆ: ಅಲಾರಾಂ, ಹಲ್ಲುಜ್ಜುವುದು, ಕನ್ನಡಿ. ಉಳಿದವುಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಓಟ. ಓಡುವವಳ ಹೆಜ್ಜೆ ಸದ್ದೇ ಇರುವುದಿಲ್ಲ, ಮ್ಯೂಸಿಕ್ ಮಾತ್ರ ಕಿರುಚುತ್ತದೆ.

ಒಂದು ಮಾತ್ರ ಹಿಡಿದು ಕೂರಿಸಿತು. ಯಾರೋ ಬ್ಯಾಗು ತುಂಬುತ್ತಿದ್ದಾರೆ, ಬರೀ ಕೈ. ಸೀರೆ, ಟವೆಲ್ಲು, ಆಮೇಲೆ ಮಗುವಿನ ಒಂದೇ ಒಂದು ಬೂಟು. ಮುಖ ಕಾಣಿಸಿದ್ದು ಮುಕ್ಕಾಲು ನಿಮಿಷ ಆದಮೇಲೆ. ಹೆಸರುಗಳೆಲ್ಲ ಬಂದದ್ದು ಕೈ ನಿಂತಾಗ ಮಾತ್ರ; ಹಾಗಾಗಿ ಓದಲೂ ಸಿಗುತ್ತದೆ, ನೋಡಲೂ ಸಿಗುತ್ತದೆ.

ಅದಕ್ಕೂ ಮೊದಲು ಜುಲೈನಲ್ಲಿ ನಾವು ಮಂಜಿನೊಳಗಿಂದ ಜೀಪು ಬರುವ ಶಾಟ್ ತೆಗೆದಿದ್ದೆವು. ಜೀಪು ಬಾಡಿಗೆ, ಡೀಸೆಲ್ಲು ಅಂತ ಮೂರು ಸಾವಿರ ಹೋಯಿತು. ಲೆನ್ಸ್ ಒಳಗೆಲ್ಲ ಹಬೆ, ಮೈಕಿನಲ್ಲಿ ಬರೀ ಮಳೆ. ಕೊಡಗಿನಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಮಂಜಿಗೇ ಹೋಗುತ್ತಾರೆ, ಆದರೆ ಬರೀ ಸೀನರಿಯಿಂದ ಶುರುವಾದ ಆರಂಭಗಳೆಲ್ಲ ಇಪ್ಪತ್ತು ಸೆಕೆಂಡಿಗೇ ಸೊರಗುತ್ತವೆ ಅಂತ ನನ್ನ ನೋಟ್‌ಬುಕ್ಕೇ ಹೇಳುತ್ತಿತ್ತು. ಜೀಪು ಬಿಟ್ಟೆವು.

ಜನವರಿಯಲ್ಲಿ ಚಿಕ್ಕಪ್ಪನ ತೋಟದ ಕಣಕ್ಕೆ ಹೋದೆವು. ಸಿಪ್ಪೆ ಸಮೇತ ಒಣಹಾಕಿದ ಚೆರ್ರಿ ಕಾಫಿಯನ್ನು ಎರಡು ಕೈ ಕೆದಕುತ್ತವೆ. ಕಾಯಿಗಳ ನಡುವೆ ಕೀಲಿಕೈ. ಕೈ ನಿಲ್ಲುತ್ತದೆ, ಹೆಸರು ಬರುತ್ತದೆ. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೆದಕುತ್ತವೆ. ಆಮೇಲೇ ಮುಖ. ನಟಿಸಿದ್ದು ಚಿಕ್ಕಮ್ಮ, ಒಂದು ಮಾತೂ ಇಲ್ಲದೆ ಗೆದ್ದುಬಿಟ್ಟರು.

ಸದ್ದು ಕಣದಲ್ಲಿ ಸಿಗಲಿಲ್ಲ, ಪಕ್ಕದಲ್ಲೇ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಓಡುತ್ತಿತ್ತು. ರಾತ್ರಿ ಮನೆಯಲ್ಲಿ ಸ್ಟೀಲ್ ತಟ್ಟೆ, ಮೊರ, ಗೋಣಿಚೀಲ ಮೂರರ ಮೇಲೂ ಒಣ ಚೆರ್ರಿ ಉಜ್ಜಿ ನೋಡಿದೆವು. ತಟ್ಟೆಯದ್ದು ತಗಡಿನ ಸದ್ದಾಯಿತು, ಮೊರದ್ದು ಸರಿಹೋಯಿತು. ಕೀಲಿಕೈ ಸದ್ದು ಹೇಗೆ ಮಾಡಿದೆ ಅಂತ ಮಾತ್ರ ಹೇಳುವುದಿಲ್ಲ, ಮುಂದಿನ ಸಿನಿಮಾಕ್ಕೂ ಬೇಕು.

ನಡುವೆ ಫೋನಿನಲ್ಲಿ ಸ್ಲೋ ಮೋಷನ್ ಕೂಡ ಮಾಡಿದೆವು. ಕಾಯಿ ಉದುರುವುದು ಚಂದ ಬಂತು, ಕಥೆಗೆ ಬೇಡವಾಯಿತು. ಸ್ಟೋರ್ ರೂಮಿನಲ್ಲಿ ತೆಗೆದಾಗ ಹಳೇ ಟ್ಯೂಬ್‌ಲೈಟಿನ ಬೆಳಕು ಪಟ್ಟೆ ಪಟ್ಟೆ ಬರಲಿಲ್ಲ; ಲೈಟು ಕರೆಂಟಿನ ಜೊತೆ ಮಿನುಗುತ್ತದೆ, ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಟ್ಟಿದ್ದೆವು. ಹೊರದೇಶದ ಒಂದು ಹುಡುಗರ ಸಿನಿಮಾದಲ್ಲಿ ಗೋಡೆಯೆಲ್ಲ ಮಿನುಗುವುದು ಕಂಡಿದ್ದರಿಂದಲೇ ಮೊದಲೇ ಎಚ್ಚರವಾಗಿದ್ದೆ.

ಟ್ರೈಪಾಡ್ ಬಾಡಿಗೆ, ಕಾಲರ್ ಮೈಕು, ಎಲ್ಲರಿಗೂ ಅಕ್ಕಿರೊಟ್ಟಿ, ಜೀಪಿನ ದಂಡ ಸೇರಿ ಏಳು ಸಾವಿರದೊಳಗೆ ಮುಗಿಯಿತು. ಎಡಿಟಿಂಗ್ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿಯಲ್ಲಿ. ಮೊದಲ ಕಟ್ ಎರಡೂಕಾಲು ನಿಮಿಷ ಇತ್ತು, ಕಣದ ಅಗಲ ಶಾಟ್ ಕಿತ್ತ ಮೇಲೆ ಎರಡರೊಳಗೆ ಬಂತು. ತೋಟವೆಲ್ಲ ಕಾಣುವ ಆ ಶಾಟ್ ಬಿಡಬೇಡ ಅಂತ ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ನಾನು ಸೇರಿಸುವುದಿಲ್ಲ.